ಶಿಹೋ ಓಗೊಡಲಿಲ್ಲ

ಗಂಟೆಯ ಬಾಯಿಗೆ ಕರವಸ್ತ್ರ ತುರುಕಿದ್ದು ಸನಾಯೆಯೇ.

ಮಗಳು ಶಿಹೋಳ ಬೆನ್ನುಚೀಲಕ್ಕೆ ಕಟ್ಟಿದ್ದ ಹಿತ್ತಾಳೆಯ ಕರಡಿ ಗಂಟೆ ಅದು. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದಲ್ಲಿ ಕಾಡಿನ ಕಡೆ ಹೋಗುವ ಮಕ್ಕಳ ಚೀಲಕ್ಕೆಲ್ಲ ಅಂಥದೊಂದು ಇದ್ದೇ ಇರುತ್ತದೆ. ಸದ್ದು ಕೇಳಿದರೆ ಕರಡಿ ತಾನಾಗಿಯೇ ದಾರಿ ಬಿಡುತ್ತದೆ. ಬೆಟ್ಟದ ಜಲಪಾತಗಳಿಗೆ ಹೋದಾಗ ಆ ಗಂಟೆ ಕಿಣಿಕಿಣಿ ಎನ್ನುತ್ತಿದ್ದರೆ ಸಾಕು, ಸನಾಯೆ ತಿರುಗಿ ನೋಡುವುದೇ ಬೇಕಿರಲಿಲ್ಲ. ಮಗಳು ಎಲ್ಲಿದ್ದಾಳೆಂದು ಕಿವಿಯೇ ಹೇಳಿಬಿಡುತ್ತಿತ್ತು. ಆದರೆ ಇವತ್ತು ಬಂದಿದ್ದು ಕಡಲ ದಡಕ್ಕೆ, ಸೀಲ್‌ಗಳು ಬಂಡೆಯ ಮೇಲೆ ಮೈಚಾಚಿ ಮಲಗುವ ಜಾಗಕ್ಕೆ. ಇಲ್ಲಿ ಗಂಟೆ ಅಲ್ಲಾಡಿದರೆ ಅವೆಲ್ಲ ದುಡುಮ್ಮನೆ ನೀರಿಗೆ ಬಿದ್ದು ಮಾಯವಾಗುತ್ತವೆ.

"ಸರಿಯಾಗಿ ತುರುಕು ಅಮ್ಮ, ಇನ್ನೂ ಸದ್ದು ಬರ್ತಿದೆ," ಎಂದಳು ಶಿಹೋ, ಚೀಲವನ್ನು ಕುಲುಕಿ ನೋಡುತ್ತ. ಎಂಟು ವರ್ಷದ ಹುಡುಗಿ, ಹಳದಿ ಮಳೆ ಅಂಗಿ ತೊಟ್ಟು, ಕೊರಳಿಗೆ ಅಪ್ಪನ ಹಳೆಯ ಪುಟ್ಟ ಕ್ಯಾಮೆರಾ ನೇತುಹಾಕಿಕೊಂಡಿದ್ದಳು.

"ಆಯ್ತಲ್ಲ, ಮೂಕ ಆಯ್ತು," ಎಂದಳು ಸನಾಯೆ.

ಗಂಡ ನೋರಿಯೊ ಆಗಲೇ ಟ್ರೈಪಾಡ್ ಹೆಗಲಿಗೇರಿಸಿ ಕಬ್ಬಿಣದ ಮೆಟ್ಟಿಲು ಇಳಿಯುತ್ತಿದ್ದ. ವಾರವಿಡೀ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹಾಲಿನ ಲಾರಿ ಓಡಿಸುವವನು. ಭಾನುವಾರ ಬಂತೆಂದರೆ ಒಬಿಹಿರೊದ ಮನೆಯಲ್ಲಿ ಅವನ ಕಾಲು ನಿಲ್ಲದು. ಮುಂದಿನ ವರ್ಷದ ಹಾಲಿನ ಸಂಘದ ಕ್ಯಾಲೆಂಡರಿಗೆ ಜೂನ್ ತಿಂಗಳ ಪುಟ ಖಾಲಿ ಇದೆಯೆಂದು ಯಾರೋ ಅಂದಿದ್ದರು. ಅಂದಿನಿಂದ ಅವನ ತಲೆಯಲ್ಲಿ ಮೂರನೇ ಸುರಂಗದ ಜಲಪಾತವೊಂದೇ. ಕಡಲಂಚಿನ ರಸ್ತೆಯಲ್ಲಿ ಮೂರನೇ ಸುರಂಗ ದಾಟಿದ ಕೂಡಲೇ, ಕಡಿಬಂಡೆಯ ತುದಿಯಿಂದ ನೇರವಾಗಿ ದಡದ ಕಲ್ಲುಗಳ ಮೇಲೆ ಬೀಳುವ ನೀರು ಅದು. ಎಡಗಡೆ, ಹಸುಗಳು ಸಾಲಾಗಿ ಮಲಗಿದಂತೆ ಕರೀ ಬಂಡೆಗಳು ಕಡಲೊಳಕ್ಕೆ ಹೋಗುತ್ತವೆ. ಕಡಲು ಇಳಿದಿರುವಾಗ ಮಾತ್ರ ಆ ಬಂಡೆಗಳ ನಡುವೆ ನಡೆಯಬಹುದು. ಇಳಿದಿರುವಾಗಲೇ ಸೀಲ್‌ಗಳೂ ಬಂದು ಮಲಗುತ್ತವೆ. ಅದನ್ನೆಲ್ಲ ನೋಡಿಕೊಂಡೇ ನೋರಿಯೊ ಮಧ್ಯಾಹ್ನದ ಹೊತ್ತನ್ನು ಆರಿಸಿದ್ದ.

"ಶಿಹೋ, ಅಜ್ಜಿ ಕೂತಿರೋ ಆ ಚಪ್ಪಟೆ ಕಲ್ಲಿನ ತನಕ ಮಾತ್ರ. ಗೊತ್ತಾಯ್ತಾ?" ಎಂದಳು ಸನಾಯೆ.

"ಗೊತ್ತಾಯ್ತು."

ಅಜ್ಜಿ ಎಂದರೆ ನೋರಿಯೊನ ತಾಯಿ ಫುಮಿ. ಎಪ್ಪತ್ತು ದಾಟಿದ್ದರೂ ಬಾಯಿ ಮಾತ್ರ ಹದಿನಾರರದ್ದು. ಚಪ್ಪಟೆ ಕಲ್ಲಿನ ಮೇಲೆ ಬಟ್ಟೆ ಹಾಸಿ, ಕಡಲಪಾಚಿ ಸುತ್ತಿದ ಅನ್ನದ ಉಂಡೆಗಳನ್ನು ಬಿಚ್ಚಿಟ್ಟು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಸೊಸೆಗೆ ಹೇಳಿದಳು: "ಬೇರೆಯವರ ಮಕ್ಕಳು ಭಾನುವಾರ ಬಿಸಿನೀರಿನ ಸ್ನಾನದ ಮನೆಗೆ ಕರ್ಕೊಂಡು ಹೋಗ್ತಾರೆ. ನನ್ನ ಮಗ ತಣ್ಣೀರು ತೋರಿಸೋಕೆ ಕರ್ಕೊಂಡು ಬರ್ತಾನೆ."

"ವಾಪಸ್ ಹೋಗೋವಾಗ ಸ್ನಾನಕ್ಕೂ ಹೋಗೋಣ ಅಂದಿದಾರೆ ಅತ್ತೆ."

"ಹೋದ ವರ್ಷಾನೂ ಹಾಗೇ ಅಂದಿದ್ದ."

ನೋರಿಯೊ ಲೆನ್ಸಿಗೆ ಕಪ್ಪು ಗಾಜು ಹಾಕಿ ಜಲಪಾತವನ್ನು ಹಿಡಿಯುತ್ತಿದ್ದ. ಅರ್ಧ ನಿಮಿಷ ಶಟರ್ ತೆರೆದೇ ಇರಬೇಕು. ಆಗಲೇ ನೀರು ರೇಷ್ಮೆಯ ಹಾಗೆ ಬರುವುದು. ಆ ಅರ್ಧ ನಿಮಿಷ ಅವನು ಉಸಿರನ್ನೂ ಸಣ್ಣಗೆ ಬಿಡುತ್ತಾನೆ. ಇದ್ಯಾವುದನ್ನೂ ಲೆಕ್ಕಿಸದ ಫುಮಿ ಅನ್ನದ ಉಂಡೆ ಹಿಡಿದು ಕ್ಯಾಮೆರಾದ ಎದುರಿನಿಂದಲೇ ದಾಟಿಕೊಂಡು ಹೋದಳು.

"ಅಮ್ಮಾ! ಶಟರ್ ತೆಗೆದಿದೆ!"

"ತೆಗೆದಿದ್ರೆ ತೆಗೆದಿರಲಿ. ತಿನ್ನು."

ಚಿತ್ರ ಬಂದ ಮೇಲೆ ಫುಮಿ ಬಗ್ಗಿ ನೋಡಿದಳು. ಜಲಪಾತವಿತ್ತು, ಬಂಡೆಗಳಿದ್ದವು. ತಾನಿರಲಿಲ್ಲ. "ಅಯ್ಯೋ, ನಾನೆಲ್ಲೋ? ಇನ್ನೂ ಸತ್ತಿಲ್ಲ ಕಣೋ, ಆಗಲೇ ಅಳಿಸಿ ಹಾಕಿದೆಯಲ್ಲ!"

ನೋರಿಯೊನಿಗೂ ನಗು ಬಂತು. "ನಡೀತಾ ಇರೋರು ಇದರಲ್ಲಿ ಬರಲ್ಲಮ್ಮ. ನಿಂತಿದ್ರೆ ಬರ್ತಿದ್ದೆ."

"ಹಾಗಾದ್ರೆ ನಿನ್ನ ಹೆಂಡ್ತಿ ಯಾವತ್ತೂ ಬರಲ್ಲ ಬಿಡು. ಅವಳು ನಿಲ್ಲೋದನ್ನ ನಾನು ನೋಡೇ ಇಲ್ಲ."

ಸನಾಯೆ ನಕ್ಕಳು. ನಗುತ್ತಲೇ ಚಪ್ಪಟೆ ಕಲ್ಲಿನ ಕಡೆ ನೋಡಿದಳು. ಶಿಹೋ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಏಡಿಯೊಂದರ ಚಿತ್ರ ತೆಗೆಯುತ್ತಿದ್ದಳು. ಸರಿ ಎಂದುಕೊಂಡು ಸನಾಯೆ ಬಿಸಿ ಸಾರಿನ ಡಬ್ಬಿ ತೆಗೆಯಲು ಚೀಲಕ್ಕೆ ಕೈಹಾಕಿದಳು. ಡಬ್ಬಿ ಸಿಕ್ಕಿತು, ಚಮಚ ಸಿಗಲಿಲ್ಲ. ಚಮಚ ಹುಡುಕಿ, ಸಾರು ಬಗ್ಗಿಸಿ, ಅತ್ತೆಗೆ ಕೊಟ್ಟು ತಲೆಯೆತ್ತುವಷ್ಟರಲ್ಲಿ ಕಡಲ ಕಡೆಯಿಂದ ಮಂಜು ಬರತೊಡಗಿತ್ತು. ಜೂನಿನಲ್ಲಿ ಆ ದಡಕ್ಕೆ ಅದು ಹೊಸದಲ್ಲ. ಯಾರೋ ಬಿಳಿ ಪರದೆಯನ್ನು ಸದ್ದಿಲ್ಲದೆ ಎಳೆದಂತೆ ಮೊದಲು ದೂರದ ಬಂಡೆಗಳು, ಆಮೇಲೆ ಹತ್ತಿರದವು, ಒಂದೊಂದಾಗಿ ಹೋದವು.

ಚಪ್ಪಟೆ ಕಲ್ಲಿನ ಬಳಿ ಯಾರೂ ಇರಲಿಲ್ಲ.

"ಶಿಹೋ," ಎಂದಳು ಸನಾಯೆ. ಮೆಲ್ಲಗೇ ಅಂದಳು. ಈ ದಡದಲ್ಲಿ ಜೋರಾಗಿ ಮಾತಾಡಬಾರದೆಂಬುದು ಅವಳಿಗೂ ಅಭ್ಯಾಸವಾಗಿ ಹೋಗಿತ್ತು. ಉತ್ತರವಿಲ್ಲ. ಕಲ್ಲಿನ ಹಿಂದೆ ಹೋಗಿ ನೋಡಿದಳು. ಏಡಿ ಮಾತ್ರ ಇತ್ತು. "ಶಿಹೋ!"

ನೋರಿಯೊ ಅವಳ ಕಡೆ ತಿರುಗದೆಯೇ ಅಂಗೈ ಕೆಳಗೆ ಮಾಡಿ ತೋರಿಸಿದ. ಮನೆಯವರೆಲ್ಲರಿಗೂ ಗೊತ್ತಿರುವ ಸನ್ನೆ: ಸುಮ್ಮನಿರು, ಅಲ್ಲಾಡಬೇಡ.

ಸನಾಯೆಗೆ ನೆತ್ತಿಯವರೆಗೂ ಬಿಸಿ ಏರಿತು. "ಕೈ ಕೆಳಗಿಳಿಸ್ರೀ! ಮಗು ಕಾಣ್ತಿಲ್ಲ!"

ಅವನು ತಿರುಗಿದ. ಶಟರ್ ಇನ್ನೂ ತೆರೆದೇ ಇತ್ತು. "ಕಾಣ್ತಿಲ್ಲ ಅಂದ್ರೆ? ಅಜ್ಜಿ ಹತ್ರ ಇದ್ದಳಲ್ಲ."

"ಅಜ್ಜಿ ನಿಮ್ಮ ಹತ್ರ ಇದ್ದರಲ್ಲ!"

ಮೂವರೂ ಒಟ್ಟಿಗೆ ಕೂಗಿದರು. ಜಲಪಾತ ಒಂದು ಕಡೆ ಹೋ ಎನ್ನುತ್ತಿತ್ತು, ಅಲೆ ಇನ್ನೊಂದು ಕಡೆ. ಕೂಗಿದ್ದು ಮಂಜಿನೊಳಗೆ ಹೋಯಿತು, ವಾಪಸ್ಸು ಏನೂ ಬರಲಿಲ್ಲ. ಮೊಬೈಲು ತೆಗೆದರೆ ಕಡಿಬಂಡೆಯ ಕೆಳಗೆ ಸಿಗ್ನಲ್ಲೇ ಇಲ್ಲ.

"ಮೂತ್ರಕ್ಕೆ ಅಂತ ಕಾರಿನ ಹತ್ರ ಹೋದಳೇನೋ," ಎಂದ ನೋರಿಯೊ. ತನ್ನ ಮಾತನ್ನು ತಾನೇ ನಂಬದವನ ದನಿ ಅದು.

"ನಾನು ನೋಡ್ತೀನಿ," ಎಂದು ಫುಮಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ನೋರಿಯೊ ಬಲಗಡೆಯ ಮರಳಿನುದ್ದಕ್ಕೂ ಓಡಿದ. ಬಲಗಡೆಯೇ ನಡೆಯಲು ಸುಲಭ, ಮಗು ಹೋದರೆ ಅಲ್ಲಿಗೇ ಹೋಗಿರುತ್ತಾಳೆ. ಅವನ ದನಿ ದೂರವಾಗುತ್ತ ಹೋಯಿತು. "ಶಿಹೋ! ಶಿಹೋ ಚಿನ್ನಾ!"

ಸನಾಯೆ ಒಬ್ಬಳೇ ಉಳಿದಳು. ಏನು ಕೇಳಿಸಬೇಕಿತ್ತೋ ಅದಕ್ಕಾಗಿ ಅವಳ ಕಿವಿ ಹುಡುಕುತ್ತಿತ್ತು: ಕಿಣಿಕಿಣಿ. ತಾನೇ ತುರುಕಿದ ಕರವಸ್ತ್ರ ನೆನಪಾಯಿತು. ಅದರ ನೀಲಿ ಹೂಗಳ ಅಂಚು ಕೂಡ ನೆನಪಾಯಿತು. ರಸ್ತೆಯ ಸುರಂಗದಲ್ಲಿ ಮೀನಿನ ಲಾರಿಗಳು ಓಡುತ್ತವೆ ಎಂದು ಯೋಚಿಸಿದಳು. ಬೆಟ್ಟದ ಮೇಲೆ ಕರಡಿಗೆ ಮರಿಗಳಿರುವ ಕಾಲ ಎಂದು ಯೋಚಿಸಿದಳು. ಕಡಲನ್ನು ಬಿಟ್ಟು ಎಲ್ಲವನ್ನೂ ಯೋಚಿಸಿದಳು. ಕಡಲು ಕಾಲ ಬುಡದಲ್ಲೇ ಇತ್ತು. ಸಾರಿನ ಡಬ್ಬಿ ಇಟ್ಟಿದ್ದ ಕಲ್ಲಿನ ಬುಡ ಆಗ ಒಣಗಿತ್ತು, ಈಗ ಒದ್ದೆಯಾಗಿತ್ತು. ನೀರು ತಿರುಗಿದೆ, ಏರುತ್ತಿದೆ.

ಫುಮಿ ಮೆಟ್ಟಿಲ ಮೇಲಿಂದಲೇ ತಲೆಯಾಡಿಸುತ್ತ ಇಳಿದಳು. "ಕಾರಲ್ಲಿಲ್ಲ. ರಸ್ತೇಲೂ ಇಲ್ಲ." ಅವಳ ಬಾಯಲ್ಲಿ ಬೇರೆ ಮಾತು ಹೊರಡಲಿಲ್ಲ. ಅದೇ ಸನಾಯೆಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ನೋರಿಯೊನೂ ಬರಿಗೈಯಲ್ಲಿ ಏದುಸಿರು ಬಿಡುತ್ತ ಬಂದ.

"ಇಷ್ಟು ಕೂಗಿದರೂ ಕೇಳಿಸಲ್ವಾ ಅವಳಿಗೆ?" ಎಂದ.

ಆಗ ಸನಾಯೆಗೆ ಹೊಳೆಯಿತು. ಚಳಿಗಾಲದಲ್ಲಿ ಕುಶಿರೊ ಕಡೆ ಕೊಕ್ಕರೆ ನೋಡಲು ಹೋಗಿದ್ದರು. ಕೆಂಪು ನೆತ್ತಿಯ ಜೋಡಿ ಹಿಮದ ಮೇಲೆ ಕುಣಿಯಲು ಶುರುಮಾಡಿದ್ದೇ ಸಂತೋಷ ತಡೆಯಲಾರದೆ ಶಿಹೋ ಕಿರುಚಿಬಿಟ್ಟಳು. ಕೊಕ್ಕರೆಗಳು ಹಾರಿಹೋದವು. ನೋರಿಯೊ ಬೈಯಲಿಲ್ಲ. ಮನೆ ಸೇರುವ ತನಕ ಒಂದು ಮಾತೂ ಆಡಲಿಲ್ಲ, ಅಷ್ಟೇ. ಹಿಂದಿನ ಸೀಟಿನಲ್ಲಿ ಹುಡುಗಿ ಇಡೀ ದಾರಿ ಅಪ್ಪನ ಕತ್ತನ್ನೇ ನೋಡುತ್ತ ಕೂತಿದ್ದಳು. ಮಾರನೆಯ ದಿನ ತಾನೇ ಒಂದು ನಿಯಮ ಮಾಡಿಕೊಂಡು ಬಂದು ಒಪ್ಪಿಸಿದಳು: ಪ್ರಾಣಿ ಹತ್ತಿರ ಇದ್ದಾಗ ಯಾರು ಕರೆದರೂ ಓಗೊಡುವುದಿಲ್ಲ. ನೋರಿಯೊ ಅವಳ ತಲೆ ಸವರಿ, "ಈಗ ನೀನು ನಿಜವಾದ ಫೋಟೊಗ್ರಾಫರ್," ಅಂದಿದ್ದ.

"ಅವಳಿಗೆ ಕೇಳಿಸ್ತಾ ಇದೆ," ಎಂದಳು ಸನಾಯೆ.

"ಏನಂದೆ?"

"ಕೇಳಿಸ್ತಾ ಇದೆ ರೀ. ಯಾವುದೋ ಪ್ರಾಣಿ ಮುಂದೆ ಕೂತಿದಾಳೆ. ಅದಕ್ಕೇ ಮಾತಾಡ್ತಿಲ್ಲ. ನೀವು ಕಲಿಸಿದ ಹಾಗೇ."

ನೋರಿಯೊನ ಮುಖ ನೋಡುವ ಹಾಗಿರಲಿಲ್ಲ. ಬಾಯಿಗೆ ಕೈ ಆನಿಸಿ ಮಂಜಿಗೆ ಕೂಗಿದ: "ಶಿಹೋ! ಮಾತಾಡು! ಅಪ್ಪ ಹೇಳ್ತಿದೀನಿ, ಮಾತಾಡು!" ದನಿ ಒಡೆದು ಅರ್ಧಕ್ಕೇ ನಿಂತಿತು. ಜಲಪಾತದ ಹೋ ಎನ್ನುವ ಸದ್ದಿನಲ್ಲಿ ಮಾತು ಎಲ್ಲಿ ಬಿಡಿಬಿಡಿಯಾಗಿ ತಲುಪುತ್ತದೆ? ಕರೆಯುತ್ತಿದ್ದಾರೆ ಎನ್ನುವಷ್ಟು ಗೊತ್ತಾಗಬಹುದು, ಅಷ್ಟೇ. ಕರೆದಷ್ಟೂ ಆ ಹುಡುಗಿ ಇನ್ನೂ ಗಟ್ಟಿಯಾಗಿ ತುಟಿ ಬಿಗಿದು ಕೂರುತ್ತಾಳೆ. ಯಾರ ಮಗಳು ಅವಳು!

ಹಾಗಾದರೆ ಕಿವಿಯಿಂದ ಪ್ರಯೋಜನವಿಲ್ಲ, ಕಣ್ಣಿನಿಂದಲೇ ಹುಡುಕಬೇಕು. ಆದರೆ ಕಣ್ಣಿನ ಮುಂದೆ ಬಿಳಿ ಗೋಡೆ. ಸನಾಯೆ ಸುತ್ತ ನೋಡಿದಳು. ಟ್ರೈಪಾಡ್ ಮೇಲೆ ಕ್ಯಾಮೆರಾ ಹಾಗೇ ಕೂತಿತ್ತು. ಇಷ್ಟೂ ಹೊತ್ತು ಕಣ್ಣು ಮುಚ್ಚದೆ ಒಂದೇ ಕಡೆ ನೋಡುತ್ತಿದ್ದುದು ಈ ದಡದಲ್ಲಿ ಅದೊಂದೇ.

"ತೆಗೆದ ಫೋಟೊಗಳನ್ನ ತೋರಿಸಿ."

"ಈಗ ಫೋಟೊನಾ?"

"ತೋರಿಸ್ರೀ!"

ನೋರಿಯೊ ಕ್ಯಾಮೆರಾದ ಹಿಂದೆ ಬಗ್ಗಿದ. ಗುಂಡಿ ಒತ್ತಿ ಹಿಂದಕ್ಕೆ ಹೋದ. ಕೊನೆಯದರಲ್ಲಿ ಬರೀ ಬಿಳುಪು. ಅದರ ಹಿಂದಿನದರಲ್ಲಿ ಜಲಪಾತ, ಮಸುಕು ಮಸುಕಾದ ಬಂಡೆಗಳು. ಇನ್ನೂ ಹಿಂದೆ. ಜಲಪಾತ, ಬಂಡೆ. ಜಲಪಾತ, ಬಂಡೆ. "ಅವಳು ದಾಟಿ ಹೋಗಿದ್ರೂ ಇದರಲ್ಲಿ ಕಾಣಲ್ಲ ಸನಾಯೆ. ಅಮ್ಮನೇ ಕಾಣಲಿಲ್ಲವಲ್ಲ..."

"ನಡೆಯೋರು ಕಾಣಲ್ಲ. ನಿಂತವರು ಕಾಣ್ತಾರೆ ಅಂದ್ರಿ. ಅದೇನದು, ಎಡಗಡೆ ಕೆಳಗೆ?"

ಅವನು ದೊಡ್ಡದು ಮಾಡಿದ. ಎಡ ಮೂಲೆಯಲ್ಲಿ, ಮೂರನೇ ಬಂಡೆಗೂ ನಾಲ್ಕನೇ ಬಂಡೆಗೂ ನಡುವಿನ ಸೀಳಿನಲ್ಲಿ, ಬೇಳೆಕಾಳಿನಷ್ಟು ಹಳದಿ. ಕಡಲು ಕಲಸಿ ಹೊಗೆಯಾಗಿತ್ತು, ಬಂಡೆಯ ಮೇಲಿನ ಹುಲ್ಲು ಗಾಳಿಗೆ ಅಲುಗಿ ಮಸುಕಾಗಿತ್ತು. ಆ ಹಳದಿ ಮಾತ್ರ ಸೂಜಿಯಿಂದ ಚುಚ್ಚಿದ ಹಾಗೆ ಸ್ಪಷ್ಟವಾಗಿತ್ತು. ಮಳೆ ಅಂಗಿಯ ಟೋಪಿ. ಅರ್ಧ ನಿಮಿಷ ಅದು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

"ದೇವರೇ," ಎಂದಳು ಫುಮಿ. "ಅಷ್ಟು ದೂರ ಹೋಗಿದಾಳಲ್ಲೇ!"

ಮುಂದಿನ ಚಿತ್ರದಲ್ಲಿ ಟೋಪಿ ಇನ್ನೂ ಕೆಳಗಿಳಿದಿತ್ತು. ಅವಳು ಅಲ್ಲೇ ಬಂಡೆಯ ಆಚೆ ಬದಿಗೆ ಕೂತಿದ್ದಾಳೆ. ಇದಿಷ್ಟನ್ನೂ ನೋರಿಯೊನೇ ತೆಗೆದಿದ್ದ, ಒಂದೊಂದನ್ನೂ ತೆಗೆದ ಕೂಡಲೇ ನೋಡಿದ್ದ. ನೀರನ್ನು ನೋಡಿದ್ದ, ಮೂಲೆಯನ್ನು ನೋಡಿರಲಿಲ್ಲ.

ಸನಾಯೆ ಇನ್ನೊಂದನ್ನೂ ಕಂಡಳು. ಮೊದಲ ಚಿತ್ರಗಳಲ್ಲಿ ಬಂಡೆಗಳ ನಡುವೆ ಕಲ್ಲುಗಳು ಕಲ್ಲುಗಳಾಗಿಯೇ ಕಾಣುತ್ತಿದ್ದವು. ಕೊನೆಯವುಗಳಲ್ಲಿ ಅಲ್ಲೆಲ್ಲ ಹಾಲು ಚೆಲ್ಲಿದ ಹಾಗೆ ನಯವಾದ ಬಿಳುಪು, ನೋಡಲು ಎಷ್ಟು ಚೆಂದ! ನಯವಾಗಿ ಕಂಡಲ್ಲೆಲ್ಲ ನೀರು ಬಂದಿದೆ ಎಂದೇ ಅರ್ಥ.

"ಅತ್ತೆ, ನೀವು ಇಲ್ಲೇ ಇರಿ. ಅವಳೇನಾದರೂ ತಾನಾಗಿ ಬಂದರೆ ಹಿಡ್ಕೊಂಡು ಕೂತ್ಕೊಳ್ಳಿ," ಎಂದು ಹೇಳುತ್ತಲೇ ಸನಾಯೆ ಓಡಿದಳು. ನೋರಿಯೊ ಹಿಂದೆಯೇ ಓಡಿದ.

ಜಲಪಾತದ ಬುಡ ದಾಟುವಾಗ ಇಬ್ಬರೂ ತಲೆಯಿಂದ ಕಾಲಿನವರೆಗೆ ತೊಯ್ದರು. ಮೊದಲ ಬಂಡೆಯ ಬಳಿ ನೀರು ಕಣಕಾಲಿಗೆ ಬಂತು, ಎರಡನೆಯದರ ಬಳಿ ಮಂಡಿಗೆ. ಜೂನ್ ಎಂಬುದೆಲ್ಲ ದಡದ ಮಾತು, ಆ ನೀರಿಗೆ ಬೇಸಿಗೆಯೇ ಗೊತ್ತಿಲ್ಲ. ಕಾಲಿನ ಮೂಳೆ ಮರಗಟ್ಟಿತು. ಅಲೆ ಬಂದಾಗ ನಿಂತು, ಹೋದಾಗ ನಡೆದು, ಪಾಚಿಗೆ ಜಾರಿ, ಒಬ್ಬರ ತೋಳು ಒಬ್ಬರು ಹಿಡಿದು ಸಾಗಿದರು. ಸನಾಯೆ ಒಂದು, ಎರಡು, ಮೂರು ಎಂದು ಬಂಡೆಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ಹೋದಳು. ಮಂಜಿನಲ್ಲಿ ಒಂದು ಲೆಕ್ಕ ತಪ್ಪಿದರೆ ಮುಗಿಯಿತು. ಮೂರನೆಯದನ್ನು ದಾಟುವಾಗ ನೀರು ಸೊಂಟಕ್ಕೆ ಬಂದಿತ್ತು. ಎಂಟು ವರ್ಷದ ಹುಡುಗಿಗೆ ಅದು ಎಲ್ಲಿಯವರೆಗೆ ಬರುತ್ತದೆಂದು ಅವಳು ಲೆಕ್ಕ ಹಾಕಲಿಲ್ಲ.

ಸೀಳಿನಲ್ಲಿ ಯಾರೂ ಇರಲಿಲ್ಲ. ನೀರು ಒಳಕ್ಕೆ ನುಗ್ಗಿ ಹೊರಕ್ಕೆ ಬರುತ್ತಿತ್ತು. ನೋರಿಯೊ ಹಾಗೇ ನಿಂತುಬಿಟ್ಟ. ಸನಾಯೆ ಅವನನ್ನು ಬಿಟ್ಟು ನಾಲ್ಕನೇ ಬಂಡೆ ಹಿಡಿದು ಹತ್ತಿದಳು. ಮೊಣಕೈ ಸುಲಿಯಿತು. ಮೇಲೆ ಬಂದು ಆಚೆ ಬದಿಗೆ ಬಗ್ಗಿದಳು.

ಕೆಳಗೆ, ಒಂದು ಚಾಪೆಯಷ್ಟು ಜಾಗ ಮಾತ್ರ ನೀರಿನ ಮೇಲೆ ಉಳಿದಿತ್ತು. ಒಂದು ಬದಿಗೆ ಶಿಹೋ, ಮಂಡಿ ತಬ್ಬಿಕೊಂಡು, ತುಟಿ ನೀಲಿಯಾಗಿ. ಇನ್ನೊಂದು ಬದಿಗೆ ದಿಂಬಿನಷ್ಟು ಗಾತ್ರದ ಸೀಲ್ ಮರಿ, ಮೈಯೆಲ್ಲ ಬೆಳ್ಳಿ ಚುಕ್ಕಿ, ಮೂಗಿನ ಹೊಳ್ಳೆ ಮುಚ್ಚಿ ಮುಚ್ಚಿ ತೆರೆಯುತ್ತ ಗಾಢ ನಿದ್ದೆಯಲ್ಲಿ. ಹುಡುಗಿಯ ಶೂ ಎರಡೂ ನೀರಿನಲ್ಲಿದ್ದವು. ಅವಳು ತಲೆಯೆತ್ತಿ ಅಮ್ಮನನ್ನು ನೋಡಿದಳು, ತುಟಿಯ ಮೇಲೆ ಬೆರಳಿಟ್ಟಳು.

"ಶಿಹೋ!" ಎಂದು ಸನಾಯೆ ಕಿರುಚಿದಳು. ಹೆರಿಗೆಯ ದಿನ ಬಿಟ್ಟರೆ ಅವಳು ಹಾಗೆ ಕಿರುಚಿದ್ದೇ ಇಲ್ಲ. ಮರಿ ಕಣ್ಣು ಬಿಟ್ಟಿತು. ಕರೀ ಕಣ್ಣುಗಳಿಂದ ಒಂದು ಸಲ ಎಲ್ಲರನ್ನೂ ನೋಡಿ, ಹೊಟ್ಟೆಯ ಮೇಲೆ ಜಾರಿ ನೀರಿಗಿಳಿಯಿತು. ಸ್ವಲ್ಪ ಆಚೆ ಮಂಜಿನಲ್ಲಿ ಇನ್ನೊಂದು ದೊಡ್ಡ ತಲೆ ಮೇಲೆದ್ದಿತು. ಎರಡೂ ಒಟ್ಟಿಗೆ ಮುಳುಗಿದವು.

"ಅಮ್ಮಾ! ಅದು ಮಲಗಿತ್ತು!" ಎಂದು ಶಿಹೋ ಹೋ ಎಂದು ಅತ್ತಳು.

ನೋರಿಯೊ ಅಷ್ಟರಲ್ಲಿ ಬಂಡೆ ಸುತ್ತಿ ಎದೆಮಟ್ಟದ ನೀರಿನಲ್ಲಿ ಬಂದಿದ್ದ. ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹೇಳಲು ಹೋದರೆ ಹಲ್ಲು ಕಟಕಟ ಎನ್ನುತ್ತಿತ್ತು.

"ಕರೆದಿದ್ದು ಕೇಳಿಸ್ಲಿಲ್ವಾ?" ಎಂದಳು ಸನಾಯೆ, ಅವಳ ಒದ್ದೆ ಶೂ ಹಿಡಿದುಕೊಂಡು.

"ಕೇಳಿಸ್ತು."

"ಮತ್ತೆ?"

ಶಿಹೋ ಬಗ್ಗಿ ಅಪ್ಪನ ಮುಖ ನೋಡಲು ಪ್ರಯತ್ನಿಸಿದಳು. ಮೇಲಿನಿಂದ ಕೂದಲು ಮಾತ್ರ ಕಂಡಿತು. "ಫೋಟೊನೂ ತೆಗೀಲಿಲ್ಲ ಅಪ್ಪ," ಎಂದಳು ಬಿಕ್ಕುತ್ತ. "ಕ್ಲಿಕ್ ಅಂದ್ರೆ ಎದ್ದುಬಿಡತ್ತೆ ಅಂತ. ಆಮೇಲೆ ನೀರು ಬಂತು. ಎದ್ರೆ ಅದಕ್ಕೂ ಎಚ್ಚರ ಆಗತ್ತೆ ಅಂತ..."

ನೋರಿಯೊನ ಭುಜ ಅಲುಗಿತು. ಅಲೆಯೇ ಇರಬಹುದು ಎಂದುಕೊಂಡಳು ಸನಾಯೆ. ಅಲೆ ಆ ಹೊತ್ತಿಗೆ ಹಿಂದಕ್ಕೆ ಹೋಗಿತ್ತು.

ದಡದಲ್ಲಿ ಫುಮಿ ಪಾದದ ಮೇಲಿನವರೆಗೂ ಬಂದ ನೀರಿನಲ್ಲಿ ಟ್ರೈಪಾಡನ್ನು ತಬ್ಬಿಕೊಂಡು ನಿಂತಿದ್ದಳು. ಅನ್ನದ ಉಂಡೆಗಳು ತೇಲಿಹೋಗಿದ್ದವು. ಹಳದಿ ಅಂಗಿ ಕಂಡದ್ದೇ ಅವಳ ಬಾಯಿ ಬಂತು. "ಬಂದೆಯಾ ರಾಕ್ಷಸಿ! ಈ ಮೂರು ಕಾಲಿನ ಮೊಮ್ಮಗ ಒಬ್ಬನೇ ನನ್ನ ಮಾತು ಕೇಳಿ ನಿಂತ ಜಾಗದಲ್ಲಿ ನಿಂತಿದ್ದು!" ಹಾಗೆನ್ನುತ್ತ ಟ್ರೈಪಾಡನ್ನು ಕೈಬಿಟ್ಟಳು. ಅದು ಕ್ಯಾಮೆರಾ ಸಮೇತ ನೀರಿಗೆ ಬಿತ್ತು. ಯಾರೂ ಅದನ್ನು ಎತ್ತಲು ಹೋಗಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಫುಮಿಯೇ ಗೊಣಗುತ್ತ ವಾಪಸ್ಸು ಹೋಗಿ ತಂದಳು.

ಕಾರಿನಲ್ಲಿ ಹೀಟರ್ ಹಾಕಿ, ಶಿಹೋಳ ಬಟ್ಟೆ ಬದಲಿಸಿ, ಅಜ್ಜಿಯ ಉಣ್ಣೆಯ ಶಾಲಿನಲ್ಲಿ ಸುತ್ತಿದರು. ಸನಾಯೆ ಗಂಟೆಯೊಳಗಿನ ಕರವಸ್ತ್ರವನ್ನು ಉಗುರಿನಿಂದ ಕಿತ್ತು ತೆಗೆದು, ಚೀಲವನ್ನು ಮಗಳ ತೊಡೆಯ ಮೇಲಿಟ್ಟಳು. ಹೊರಟ ಮೇಲೆ ನೋರಿಯೊ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಹುಡುಗಿ ಅವನ ಕತ್ತನ್ನೇ ನೋಡುತ್ತಿರುವುದು ಸನಾಯೆಗೆ ಕನ್ನಡಿಯಲ್ಲಿ ಕಂಡಿತು.

"ಏನಾದ್ರೂ ಮಾತಾಡ್ರೀ," ಎಂದಳು ಮೆಲ್ಲಗೆ. "ಅವಳು ಕಾಯ್ತಿದಾಳೆ."

ಅವನಿಗೆ ಅರ್ಥವಾಯಿತು. ಕನ್ನಡಿಯಲ್ಲಿ ಮಗಳ ಕಡೆ ನೋಡಿದ. "ಶಿಹೋ."

"ಹೂಂ?"

"ಪ್ರಾಣಿ ಓಡಿಹೋದರೆ ಹೋಗಲಿ. ಕರೆದರೆ ಓಗೊಡಬೇಕು. ಯಾರು ಕರೆದರೂ."

"ಕೊಕ್ಕರೆ ಇದ್ರೂ?"

"ಕೊಕ್ಕರೆ ಇದ್ರೂ."

"ಕರಡಿ ಇದ್ರೆ?"

"ಕರಡಿ ಇದ್ರೆ ನಾನು ಓಗೊಡ್ತೀನಿ, ನೀನು ಓಡು," ಎಂದಳು ಫುಮಿ. "ಎಲ್ಲಿ, ಈಗಲೇ ಅಭ್ಯಾಸ ಮಾಡೋಣ. ಶಿಹೋ!"

"ಹೂಂ!"

"ಇದೇನು ಇಲಿ ಮರಿಯಾ? ಶಿಹೋ!"

"ಓ...!" ಎಂದು ಕಾರು ಅದುರುವ ಹಾಗೆ ಕೂಗಿದಳು ಹುಡುಗಿ. ನೋರಿಯೊ ಕೊನೆಗೂ ನಕ್ಕ.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಒಂದೊಂದು ಸುರಂಗ ಬಂದಾಗಲೂ ಫುಮಿ "ಶಿಹೋ!" ಅನ್ನುವಳು, "ಓ!" ಎಂದು ಉತ್ತರ ಬರುವುದು. ಉತ್ತರ ಬರಲು ರೆಪ್ಪೆ ಬಡಿಯುವಷ್ಟು ತಡವಾದರೂ ಸನಾಯೆಯ ಎದೆಯೊಳಗೆ ಆ ನೀರು ಮತ್ತೆ ಸೊಂಟದ ಮಟ್ಟಕ್ಕೆ ಏರುತ್ತಿತ್ತು. ಸಾಕು ಅತ್ತೆ ಎನ್ನಬೇಕೆಂದುಕೊಂಡಳು, ಅನ್ನಲಿಲ್ಲ. ಮುಂದಿನ ಕರೆಗಾಗಿ ತಾನೇ ಕಾಯುತ್ತಿದ್ದಳು.

ಕೊನೆಯ ಸುರಂಗ ಬಂತು. ಬೆಳಕು ಹೋಗಿ ಹಳದಿ ದೀಪಗಳು ಸಾಲಾಗಿ ಓಡತೊಡಗಿದವು.

"ಶಿಹೋ!"

ಉತ್ತರವಿಲ್ಲ.

"ಶಿಹೋ?"

ನೋರಿಯೊ ಸುರಂಗದಿಂದ ಹೊರಬಂದದ್ದೇ ರಸ್ತೆ ಬದಿಗೆ ತೆಗೆದು ಬ್ರೇಕು ಹಾಕಿದ. ಸನಾಯೆ ಆಗಲೇ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಬಗ್ಗಿದ್ದಳು. ಹುಡುಗಿಯ ತಲೆ ಅಜ್ಜಿಯ ತೋಳಿಗೆ ಒರಗಿತ್ತು. ಬಾಯಿ ಅರ್ಧ ತೆರೆದಿತ್ತು. ಸನಾಯೆ ಅಂಗೈಯನ್ನು ಅವಳ ಎದೆಯ ಮೇಲಿಟ್ಟಳು. ಶಾಲಿನ ಕೆಳಗೆ ಅದು ಏರಿತು, ಇಳಿಯಿತು.

"ಮಲಗಿದಾಳೆ," ಎಂದಳು ಫುಮಿ ಪಿಸುದನಿಯಲ್ಲಿ.

ನೋರಿಯೊ ಎಂಜಿನ್ ಆರಿಸಿದ. ಮೀನಿನ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಕಾರು ಅಲುಗಿ, ಹುಡುಗಿಯ ತೊಡೆಯ ಮೇಲಿನ ಗಂಟೆ ಒಮ್ಮೆ ಕಿಣಿ ಎಂದಿತು. ಮೂವರೂ ಉಸಿರು ಸಣ್ಣಗೆ ಮಾಡಿಕೊಂಡು, ಅಲ್ಲಾಡದೆ, ಅವಳನ್ನೇ ನೋಡುತ್ತ ಕೂತರು.